ಎರಡನೇ ಬದಿಯ ಸಿಳ್ಳೆ

ಆಲೂರಿನ ಮಹಾದೇವಯ್ಯ ಇಪ್ಪತ್ತೆಂಟು ವರ್ಷದಿಂದ ಕಾಫಿ ಬೀಜದ ಸಿಪ್ಪೆ ಬಿಡಿಸುವ ಯಂತ್ರದ ಪಕ್ಕದಲ್ಲೇ ನಿಂತವನು. ಬೆಳಗೋಡಿನ ಕಡೆಗೆ ಹೋಗುವ ದಾರಿಯಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ಕಾರ್ಖಾನೆ ಇದೆ. ಅಲ್ಲಿ ಅವನ ಕೆಲಸ. ಕಾಫಿ ಕೊಯ್ಲು ಮುಗಿದು ತೋಟಗಳಿಂದ ಮೂಟೆಗಳು ಬರತೊಡಗಿದರೆ ಬೆಳಿಗ್ಗೆ ಎಂಟಕ್ಕೆ ಹಚ್ಚಿದ ಯಂತ್ರ ಸಂಜೆಗೇ ನಿಲ್ಲುವುದು. ಅದರ ಗದ್ದಲದಲ್ಲಿ ಎದುರಿಗಿದ್ದವರು ಏನು ಹೇಳಿದರೆಂದು ತುಟಿ ನೋಡಿಯೇ ತಿಳಿಯಬೇಕು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಮಾಲೀಕರು ಹೇಳುತ್ತಿದ್ದರು. ಮಹಾದೇವಯ್ಯ ಇಟ್ಟುಕೊಳ್ಳುತ್ತಿರಲಿಲ್ಲ. ಯಂತ್ರದ ಸದ್ದು ಕೊಂಚ ಬದಲಾದರೂ ಯಾವ ಬೋಲ್ಟು ಸಡಿಲವಾಗಿದೆಯೆಂದು ಅವನು ಹೇಳಬಲ್ಲವನಾಗಿದ್ದ. ತನ್ನ ಕಿವಿಯ ಮೇಲೆ ಅವನಿಗೆ ಅಷ್ಟು ಅಭಿಮಾನ.

ಆ ಅಭಿಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಬಹಳ ವರ್ಷಗಳ ಹಿಂದೆ ಬಿಸಿಲೆ ಕಡೆಯ ಒಂದು ಎಸ್ಟೇಟ್ ಮಾರಾಟವಾದಾಗ ಮಹಾದೇವಯ್ಯ ಅಲ್ಲಿಗೆ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ರಿಪೇರಿಗೆ ಹೋಗಿದ್ದ. ಬಂಗಲೆಯ ಸಾಮಾನನ್ನೆಲ್ಲ ಲಾರಿಗೆ ತುಂಬುತ್ತಿದ್ದರು. ಹಾಡಿನ ತಟ್ಟೆ, ಅಂದರೆ ರೆಕಾರ್ಡು, ಹಾಕುವ ಪೆಟ್ಟಿಗೆ ಮತ್ತು ಎರಡು ರಟ್ಟಿನ ಡಬ್ಬದ ತುಂಬ ತಟ್ಟೆಗಳು ಜಗಲಿಯಲ್ಲಿ ಉಳಿದಿದ್ದವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲಿಂಗಪ್ಪ, “ತಗೊಂಡ್ ಹೋಗ್ ಮಾರಾಯ, ಇಲ್ಲಾಂದ್ರೆ ಗೊಬ್ಬರದ ಗುಂಡಿಗೆ ಹೋಯ್ತವೆ” ಎಂದು ಅವನ್ನು ಅವನ ಕೈಗೇ ಕೊಟ್ಟ. ಅದರಲ್ಲಿದ್ದ ಒಂದು ತಟ್ಟೆಯಲ್ಲಿ ಒಬ್ಬ ಹೆಂಗಸು ಬರೀ ಒಂದು ಡೋಲಿನ ಜೊತೆ ಹಾಡಿದ್ದಳು. ಅದು ಯಾವ ಭಾಷೆ, ಯಾವ ದೇಶ ಒಂದೂ ಗೊತ್ತಾಗಲಿಲ್ಲ. ಮಹಾದೇವಯ್ಯ ಅದನ್ನು ಎಷ್ಟು ಸಲ ಕೇಳಿದನೆಂದರೆ, ಅರ್ಥ ತಿಳಿಯದ ಆ ಮಾತುಗಳು ಕೆಲಸದ ನಡುವೆ ತಾವಾಗಿ ಅವನ ಬಾಯಿಗೆ ಬರತೊಡಗಿದವು.

ಮುಂದೆ ಫೋನು, ಇಂಟರ್‌ನೆಟ್ಟು ಬಂದ ಮೇಲೆ ಅವನಿಗೆ ಒಂದು ವಿಷಯ ತಿಳಿಯಿತು. ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಸಂಗೀತವನ್ನು ಹುಡುಕಿ ತಟ್ಟೆ ಮಾಡುವವರು ಊರೂರಲ್ಲಿ ಇದ್ದಾರೆ. ಎಲ್ಲ ಇಬ್ಬರು ಮೂವರು ಸೇರಿ ನಡೆಸುವ ಪುಟ್ಟ ಕಂಪನಿಗಳು. ಬಂದರಿನ ಹೆಂಡದಂಗಡಿಯಲ್ಲಿ ನುಡಿಸುವವರು, ಮದುವೆ ಮನೆಯ ವಾದ್ಯದವರು, ಐವತ್ತು ವರ್ಷದ ಹಿಂದೆ ಒಂದೇ ಒಂದು ತಟ್ಟೆ ಮಾಡಿ ಮರೆಯಾದವರು, ಇಂಥವರನ್ನೆಲ್ಲ ಅವರು ಮತ್ತೆ ಹೊರಗೆ ತರುತ್ತಿದ್ದರು. ಇದೆಲ್ಲ ನಮ್ಮವರಿಗೂ ಗೊತ್ತಾಗಲಿ ಎಂದು ಮಹಾದೇವಯ್ಯ ಕನ್ನಡದಲ್ಲಿ ಒಂದು ಪತ್ರ ಶುರುಮಾಡಿದ. ತಿಂಗಳ ಮೊದಲ ಭಾನುವಾರ ಈಮೇಲಿನಲ್ಲಿ ಹೋಗುವ ಪತ್ರ. ಅದರಲ್ಲಿ ಐದು ತಟ್ಟೆಗಳ ಪರಿಚಯ: ಎರಡು ಹೊಸವು, ಮೂರು ಹಳೆಯದರ ಮರುಮುದ್ರಣ. ಪೆರು ದೇಶದ ಮೀನುಗಾರರ ಗಿಟಾರ್ ತಂಡದ ಬಗ್ಗೆ ಅವನು, ‘ಒದ್ದೆ ಹಗ್ಗವನ್ನು ಕೈಯಿಂದ ಕೈಗೆ ಎಳೆದಂತಿದೆ, ಸಂಜೆ ಕೈಕಾಲು ತೊಳೆದುಕೊಂಡು ಬಂದು ಕೇಳಿ’ ಎಂದು ಬರೆದಿದ್ದ. ಓದುವವರು ಹತ್ತಿಪ್ಪತ್ತರಿಂದ ನಾನೂರಕ್ಕೆ ಏರಿದರು. ಹೆಚ್ಚಿನವರು ಫೋನಿನಲ್ಲೇ ಹುಡುಕಿ ಕೇಳುವವರು. ತಟ್ಟೆಯನ್ನೇ ತರಿಸುವವರು ಬೆರಳೆಣಿಕೆಯಷ್ಟು.

ಆ ಬೆರಳೆಣಿಕೆಯವರಲ್ಲಿ ಅರಸೀಕೆರೆಯ ಸುಲೋಚನಮ್ಮ ಒಬ್ಬರು. ಪ್ರೈಮರಿ ಶಾಲೆಯ ಮೇಡಂ ಆಗಿ ನಿವೃತ್ತರಾದವರು. ಮಹಾದೇವಯ್ಯನ ಪತ್ರ ಓದಿಯೇ ತಟ್ಟೆ ಹಾಕುವ ಪೆಟ್ಟಿಗೆ ಕೊಂಡಿದ್ದರು. ಪ್ರತಿ ಪತ್ರಕ್ಕೂ ತಪ್ಪದೆ ಉತ್ತರ ಬರೆಯುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಹೋದ ವರ್ಷ ಆಗಸ್ಟಿನ ಪತ್ರದಲ್ಲಿ ಮಡಗಾಸ್ಕರ್ ದ್ವೀಪದ ಒಬ್ಬ ಮುದುಕನ ತಟ್ಟೆ ಇತ್ತು. ಬಿದಿರಿನ ಕೊಳವೆಗೆ ತಂತಿ ಬಿಗಿದ ವಾದ್ಯವನ್ನು ಅವನು ತನ್ನ ಮನೆಯ ಮುಂದೆ ಕೂತು ನುಡಿಸಿದ್ದ. ಮಹಾದೇವಯ್ಯ ಬರೆದ: ‘ಎರಡನೇ ಬದಿಯಲ್ಲಿ ತಂತಿ ಮೀಟಿದ ನಂತರ ಬರುವ ಮೌನವನ್ನು ಕೇಳಿ. ಅಷ್ಟು ತಿಳಿಯಾದ ಮೌನವನ್ನು ನಾನು ಬೇರೆ ಯಾವ ತಟ್ಟೆಯಲ್ಲೂ ಕೇಳಿಲ್ಲ.’

ಮೂರು ವಾರದ ನಂತರ ಸುಲೋಚನಮ್ಮನವರ ಪತ್ರ ಬಂತು. ತಟ್ಟೆ ಬಂದಿದೆ, ಮೊದಲ ಬದಿ ಬಹಳ ಸೊಗಸಾಗಿದೆ, ಆದರೆ ಎರಡನೇ ಬದಿಯುದ್ದಕ್ಕೂ ಸೂಜಿಯಂಥ ಸಣ್ಣ ಸಿಳ್ಳೆಯೊಂದು ಕೇಳಿಸುತ್ತದೆ, ನನ್ನ ತಟ್ಟೆ ಮಾತ್ರ ಹೀಗೋ ಏನೋ, ದಯವಿಟ್ಟು ನಿಮ್ಮದನ್ನು ಒಮ್ಮೆ ಹಾಕಿ ನೋಡಿ ತಿಳಿಸುವಿರಾ ಎಂದು ಕೇಳಿದ್ದರು.

ಅಂದು ಭಾನುವಾರ. ಮಹಾದೇವಯ್ಯ ತನ್ನ ತಟ್ಟೆ ಹಾಕಿ ಕಣ್ಣು ಮುಚ್ಚಿ ಕೂತ. ಬಿದಿರಿನ ತಂತಿ, ಅದರ ಹಿಂದೆ ಮೌನ. ಯಾವ ಸಿಳ್ಳೆಯೂ ಇಲ್ಲ. ಪಾಪ, ಅವರದ್ದು ಕೆಟ್ಟ ತಟ್ಟೆಯೇ ಇರಬೇಕು ಎಂದುಕೊಂಡ. ಅಷ್ಟರಲ್ಲಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿ ಪಂಕಜಾಕ್ಷಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

“ಏನ್ರೀ ಅದು, ಒಂದೇ ಸಮ ಕೀ ಅಂತೈತೆ? ನಿಮ್ ಪೆಟ್ಗೆ ಕೆಟ್ಟೋಯ್ತಾ?”

ಅವನು ಸೂಜಿ ಎತ್ತಿ ತಟ್ಟೆ ನಿಲ್ಲಿಸಿದ. ಅವಳು ಹೋದ ಮೇಲೆ ಫೋನಿನಲ್ಲಿ ಕಿವಿ ಪರೀಕ್ಷೆಯ ಸದ್ದುಗಳನ್ನು ಹುಡುಕಿದ. ತಗ್ಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಒಂದೊಂದಾಗಿ ಏರುವ ಸದ್ದುಗಳವು. ಅರ್ಧ ದಾರಿಯವರೆಗೆ ಕೇಳಿಸಿತು. ಆಮೇಲೆ ಫೋನಿನ ಪರದೆಯ ಮೇಲೆ ಗೆರೆ ಏರುತ್ತಲೇ ಇತ್ತು, ಅವನ ಕಿವಿಯಲ್ಲಿ ಏನೂ ಇರಲಿಲ್ಲ. ಅಡುಗೆಮನೆಯಿಂದ ಪಂಕಜಾಕ್ಷಿ, ಅದನ್ನು ಮೊದಲು ಆರಿಸಿ, ತಲೆ ಚಿಟ್ಟು ಹಿಡಿಯುತ್ತದೆ ಎಂದು ಕೂಗಿದಳು.

ಮಹಾದೇವಯ್ಯನಿಗೆ ಜೀರುಂಡೆಗಳು ನೆನಪಾದವು. ಈಚಿನ ವರ್ಷಗಳಲ್ಲಿ ಬಿಸಿಲೆಯ ಕಾಡಿನಲ್ಲಿ ಜೀರುಂಡೆಯೇ ಇಲ್ಲವಾಗಿದೆ, ಎಲ್ಲ ತೋಟಕ್ಕೆ ಹೊಡೆಯುವ ಔಷಧಿಯಿಂದ ಎಂದು ಅವನು ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದ. ಕ್ಯೂರಿಂಗಿನ ಜನ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನಾಗುತ್ತಿದ್ದುದು ಏಕೆಂದು ಈಗ ಹೊಳೆಯಿತು. ಎಷ್ಟು ವರ್ಷದಿಂದ ಹೀಗೆ? ಎಷ್ಟು ಪತ್ರಗಳಲ್ಲಿ ಕೇಳಿಸದ್ದನ್ನು ಕೇಳಿದೆನೆಂದು ಬರೆದಿದ್ದೇನೆ?

ಆಗಲೇ ಅವನು ಸುಲೋಚನಮ್ಮನವರಿಗೆ ನಿಜ ಬರೆಯಬಹುದಿತ್ತು. ಎರಡು ಸಾಲಿನ ಕೆಲಸ. ಬರೆಯಲು ಕೂತದ್ದೂ ಆಯಿತು. ಆದರೆ ನಾನೂರು ಜನ ನಂಬಿ ಓದುವ ಮಹಾದೇವಯ್ಯನಿಗೆ ಕಿವಿಯೇ ಸರಿಯಿಲ್ಲ ಎಂದು ಬರೆಯಲು ಕೈ ಏಳಲಿಲ್ಲ. ಕಡೆಗೆ ಬರೆದದ್ದು ಇದು: ‘ನನ್ನ ತಟ್ಟೆಯನ್ನು ಎರಡು ಸಲ ಪರೀಕ್ಷಿಸಿದೆ. ಅದರಲ್ಲಿ ಸಿಳ್ಳೆ ಇಲ್ಲ. ಕೆಲವು ಸಲ ವಯಸ್ಸಾದಂತೆ ಕಿವಿಯಲ್ಲೇ ಇಂಥ ಸದ್ದು ಹುಟ್ಟುವುದುಂಟು. ತಾವು ಬೇಸರಿಸಬಾರದು.’ ಕೊನೆಯ ಎರಡು ಸಾಲನ್ನು ಯಾರೂ ಕೇಳಿರಲಿಲ್ಲ. ತಾನಾಗಿಯೇ ಸೇರಿಸಿದ್ದ.

ಮುಂದಿನ ಪತ್ರಗಳಿಗೆ ಅವನು ಒಂದು ಉಪಾಯ ಮಾಡಿಕೊಂಡ. ಪಂಕಜಾಕ್ಷಿ ಅವರೆಕಾಯಿ ಬಿಡಿಸುವಾಗಲೋ ಅಕ್ಕಿ ಆರಿಸುವಾಗಲೋ ಹತ್ತಿರದಲ್ಲಿ ತಟ್ಟೆ ಹಾಕಿ, ಇದು ಹೇಗಿದೆ, ಏನನ್ನಿಸುತ್ತದೆ ಎಂದು ಸುಮ್ಮನೆ ಕೇಳಿದಂತೆ ಕೇಳುತ್ತಿದ್ದ. ಅವಳು ಕೈಯ ಕೆಲಸ ಬಿಡದೆ ಹೇಳುತ್ತಿದ್ದಳು. ಒಂದು ಪಿಟೀಲಿನ ಬಗ್ಗೆ, ಗಾಜಿನ ಬಳೆ ಒಂದಕ್ಕೊಂದು ತಾಕಿದಂಗೈತೆ ಎಂದಿದ್ದಳು. ಅದು ಹಾಗೆಯೇ ಅವನ ಪತ್ರಕ್ಕೆ ಸೇರಿತು. ಈಚೆಗೆ ನಿಮ್ಮ ಬರವಣಿಗೆಗೆ ಹೊಸ ಕಳೆ ಬಂದಿದೆ ಎಂದು ಓದುಗರು ಹೊಗಳಿದರು. ಆ ಹೊಗಳಿಕೆಯನ್ನು ಅವನು ಹೆಂಡತಿಗೆ ತೋರಿಸಲಿಲ್ಲ. ಅವಳ ಮುಖ ನೋಡಿ ಊಟ ಮಾಡುವುದೇ ಕಷ್ಟವಾಗುತ್ತಿತ್ತು.

ಸುಲೋಚನಮ್ಮನವರಿಂದ ಮಾತ್ರ ಉತ್ತರ ಬರುವುದು ನಿಂತುಹೋಯಿತು. ಜನವರಿಯಲ್ಲಿ ಒಂದು ಪತ್ರ ಬಂತು, ಚಿಕ್ಕದು. ‘ನೀವು ಹೇಳಿದ್ದು ಸರಿ ಇರಬೇಕು. ನನ್ನ ಕಿವಿಯನ್ನು ನಾನೇ ನಂಬದ ಹಾಗಾಗಿದೆ. ತಟ್ಟೆ ಪೆಟ್ಟಿಗೆಯನ್ನು ಪರಿಚಯದವರಿಗೆ ಕೊಟ್ಟೆ. ಇಷ್ಟು ವರ್ಷ ಒಳ್ಳೆಯ ಸಂಗೀತ ತೋರಿಸಿಕೊಟ್ಟಿರಿ, ನಿಮಗೆ ನಮಸ್ಕಾರ.’

ಮಹಾದೇವಯ್ಯ ಆ ಪತ್ರವನ್ನು ಕ್ಯೂರಿಂಗಿನಲ್ಲಿ ಓದಿದ. ಯಂತ್ರ ನಡೆಯುತ್ತಿತ್ತು. ಮೂಟೆ ಹೊರುವವರ ಎದುರಿಗೆ ನಿಲ್ಲಲಾಗದೆ ಸ್ಟೋರಿನ ಹಿಂದೆ ಹೋಗಿ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕೂತ. ಮರುದಿನವೇ ರಜೆ ಹಾಕಿ ಹಾಸನಕ್ಕೆ ಬಸ್ಸು ಹತ್ತಿದ, ಅಲ್ಲಿಂದ ಅರಸೀಕೆರೆಗೆ. ಎಲ್ಲಿಗೆ ಹೋಗುತ್ತಿದ್ದೇನೆಂದು ಮನೆಯಲ್ಲಿ ಹೇಳಲಿಲ್ಲ.

ಸುಲೋಚನಮ್ಮನವರ ಮನೆಯನ್ನು ವಿಚಾರಿಸಿಕೊಂಡು ಹೋದಾಗ ಬಾಗಿಲು ತೆರೆದವಳು ಅವರ ಸೊಸೆ. ಹೆಸರು ಹೇಳಿದ ಕೂಡಲೇ ಅವಳಿಗೆ ಗೊತ್ತಾಯಿತು. ಅತ್ತೆ ನಿಮ್ಮ ವಿಷಯ ದಿನಾ ಹೇಳೋರು ಎಂದು ಒಳಗೆ ಕರೆದಳು. ಅತ್ತೆ ಸ್ನಾನಕ್ಕೆ ಹೋಗಿದ್ದಾರೆ ಎಂದು ಕೂರಿಸಿ, ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ತಿಳಿಸಿದಳು. ಸುಲೋಚನಮ್ಮ ಹನ್ನೆರಡು ವರ್ಷದಿಂದ ಶುಕ್ರವಾರದ ಭಜನೆಯಲ್ಲಿ ಮುಂದೆ ಕೂತು ಹಾಡಿಕೊಡುತ್ತಿದ್ದರಂತೆ. ಶ್ರುತಿ ಸೇರುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ, ಇನ್ನೊಬ್ಬರಿಗೆ ಯಾಕೆ ತೊಂದರೆ ಎಂದು ನಾಲ್ಕು ತಿಂಗಳಿಂದ ಹೋಗುವುದನ್ನೇ ಬಿಟ್ಟಿದ್ದಾರಂತೆ.

ಬರುವಾಗ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಮಹಾದೇವಯ್ಯನ ತಲೆಯಿಂದ ಹಾರಿಹೋಯಿತು. ಸುಲೋಚನಮ್ಮ ಬಂದು ಕೈಮುಗಿದು ಎದುರಿಗೆ ಕೂತಾಗ ಅವನು ನೆಲ ನೋಡುತ್ತಲೇ ಹೇಳಿದ.

“ಅಮ್ಮಾ, ನಿಮ್ ಕಿವಿ ಸರಿಯಾಗೈತೆ. ಸಿಳ್ಳೆ ತಟ್ಟೇಲೇ ಇತ್ತು. ನಂಗೆ ಕೇಳಲ್ಲ, ನನ್ ಕಿವಿ ಹೋಗ್ಬುಟ್ಟೈತೆ.”

ಸುಲೋಚನಮ್ಮ ಕೇಳಿದ್ದು ಒಂದೇ ಮಾತು: “ನಿಮಗೆ ಯಾವಾಗ ಗೊತ್ತಾಯ್ತು?”

ಈಗೀಗ ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. “ನಿಮಗೆ ಉತ್ತರ ಬರೆಯೋಕ್ ಮುಂಚೇನೇ” ಎಂದ.

ಸೊಸೆ ಕಾಫಿ ತಂದಿಟ್ಟಳು. ಸುಲೋಚನಮ್ಮ ಲೋಟವನ್ನು ಅವನ ಕಡೆಗೆ ಸರಿಸಿದರು. ಸಿಟ್ಟು ಮಾಡಲಿಲ್ಲ. “ಗೊತ್ತಿಲ್ಲದೆ ಬರೆದಿದ್ರೆ ನಾನು ಏನೂ ಅಂದ್ಕೋತಿರ್ಲಿಲ್ಲ” ಎಂದರು. ಆಮೇಲೆ ಅವನ ಕೆಲಸ ಏನು, ಎಷ್ಟು ವರ್ಷವಾಯಿತು ಎಂದು ವಿಚಾರಿಸಿದರು. ಡಾಕ್ಟರಿಗೆ ತೋರಿಸಿ ಎಂದರು. ಸಂಗೀತದ ವಿಷಯ ಒಂದು ಮಾತೂ ಎತ್ತಲಿಲ್ಲ. ಆ ಕಾಫಿಯನ್ನು ಕುಡಿದು ಮುಗಿಸಲು ಮಹಾದೇವಯ್ಯನಿಗೆ ಬಹಳ ಹೊತ್ತು ಹಿಡಿಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳ ಮಾತುಗಳನ್ನು ಕದ್ದು ಬರೆದದ್ದನ್ನೂ ಹೇಳಿದ. ಕಿವಿಯ ವಿಷಯ ಪಂಕಜಾಕ್ಷಿಗೆ ಮೊದಲೇ ಗೊತ್ತಿತ್ತು. ಎಷ್ಟೋ ದಿನದಿಂದ ಅವಳು ಅವನ ಎದುರಿಗೆ ಬಂದೇ ಮಾತಾಡುತ್ತಿದ್ದಳು. ಪತ್ರದ ವಿಷಯ ಗೊತ್ತಿರಲಿಲ್ಲ. ಅವಳು ಹಳೆಯ ಪತ್ರಗಳನ್ನು ಓದಿಸಿಕೊಂಡಳು. ಬಳೆಯ ಮಾತು ಬಂದಾಗ, “ಒಂದ್ ಮಾತ್ ಕೇಳಿದ್ರೆ ನಾನೇನ್ ಬ್ಯಾಡ ಅಂತಿದ್ನಾ?” ಎಂದು ಎದ್ದು ಹೋದಳು. ಎರಡು ದಿನ ಬೇಕಾದಷ್ಟೇ ಮಾತಾಡಿದಳು.

ಫೆಬ್ರವರಿಯ ಪತ್ರದಲ್ಲಿ ತಟ್ಟೆಗಳಿರಲಿಲ್ಲ. ನಡೆದದ್ದನ್ನು, ಸುಲೋಚನಮ್ಮನವರ ಹೆಸರೊಂದನ್ನು ಬಿಟ್ಟು, ಇದ್ದದ್ದು ಇದ್ದ ಹಾಗೆ ಬರೆದ. ಬಂದ ಉತ್ತರಗಳಲ್ಲಿ ಹೆಚ್ಚಿನವು ಸಮಾಧಾನದವು. ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದು ಬರೆದವರೂ ಇದ್ದರು. ಅವನ್ನು ಓದುವಾಗ ಅವನ ತಲೆ ತಗ್ಗಿಹೋಗುತ್ತಿತ್ತು. ಇಷ್ಟು ದಿನ ನಿಮ್ಮ ಮಾತು ನಂಬಿ ಕೇಳಿದ್ದು ತಪ್ಪಾಯಿತು ಎಂದು ಹುಬ್ಬಳ್ಳಿಯ ಒಬ್ಬರು ಖಾರವಾಗಿ ಬರೆದಿದ್ದರು. ಅದನ್ನು ಎರಡು ಸಲ ಓದಿ ತೆಗೆದಿಟ್ಟುಕೊಂಡ.

ಸುಲೋಚನಮ್ಮ ಮತ್ತೆ ಭಜನೆಗೆ ಹೋಗುತ್ತಿದ್ದಾರೆ ಎಂದು ಸೊಸೆ ಮಾರ್ಚಿನಲ್ಲಿ ಮೆಸೇಜು ಹಾಕಿದಳು. ಅದರ ಕೆಳಗೇ ಇನ್ನೊಂದು ಸಾಲಿತ್ತು: ಪತ್ರ ಕಳಿಸುವುದು ಬೇಡ ಎಂದು ಅತ್ತೆ ಹೇಳಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. ಮಹಾದೇವಯ್ಯ ಅವರ ಹೆಸರನ್ನು ಪಟ್ಟಿಯಿಂದ ತೆಗೆದ. ಒಂದು ಗುಂಡಿ ಒತ್ತುವಷ್ಟರ ಕೆಲಸ. ಅದಕ್ಕೆ ಅವನು ಇಡೀ ಬೆಳಗ್ಗೆ ಕೂತಿದ್ದ.

ಈಗ ಹಾಸನದ ಡಾಕ್ಟರು ಕೊಟ್ಟ ಶ್ರವಣಯಂತ್ರವೊಂದು ಅವನ ಕಿವಿಯಲ್ಲಿದೆ. ಮಾತಿಗೆ ಪರವಾಗಿಲ್ಲ, ಹಾಡಿಗೆ ಅಷ್ಟಕ್ಕಷ್ಟೆ. ಪತ್ರ ಹೋಗುತ್ತಿದೆ, ಐದರ ಬದಲು ಮೂರು ತಟ್ಟೆ. ತನಗೆ ಕೇಳಿಸದ್ದನ್ನು ಕೇಳಿಸಲಿಲ್ಲ ಎಂದೇ ಬರೆಯುತ್ತಾನೆ. ಪಂಕಜಾಕ್ಷಿ ಹೇಳಿದ್ದು ಅವಳ ಹೆಸರಿನಲ್ಲೇ ಇರುತ್ತದೆ, ಅದೂ ಅವಳು ಓದಿಸಿಕೊಂಡು ಒಪ್ಪಿದ ಮೇಲೆ. ಹೋದ ಭಾನುವಾರ ಯಾವುದೋ ಚಳಿ ದೇಶದ ಹೆಂಗಸರು ಸೇರಿ ಹಾಡಿದ ತಟ್ಟೆಯೊಂದನ್ನು ಹಾಕಿದ್ದ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕತ್ತು ವಾಲಿಸಿದಳು. ಏನು ಕೇಳಿಸಿತು ಎಂದು ಅವನು ವಿಚಾರಿಸಿದ.

“ಹೇಳಕ್ ಬರಲ್ಲ. ಒಂಚೂರ್ ಸುಮ್ಕಿರಿ” ಎಂದಳು.

ಮಹಾದೇವಯ್ಯ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತ.