ಎಲೆಗೂ ಚಳಿಯಾಗುತ್ತದೆ

ಮೊನ್ನೆ ಮುಂಬಯಿಯ ಮಲಾಡ್ ಸ್ಟೇಷನ್ನಿನಲ್ಲಿ ಯಾರೋ ಒದ್ದೆ ಗೋಣಿ ಸುತ್ತಿದ ಬಾಳೆಎಲೆಯ ಕಟ್ಟನ್ನು ಲೋಕಲ್ ರೈಲಿನಿಂದ ಕೆಳಗೆಸೆದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸೋದರಮಾವನ ಹೋಟೆಲಿನಲ್ಲಿ ಎಲೆ ನೋಡಿಕೊಳ್ಳುತ್ತಿದ್ದಾತ ಕಣ್ಣೆದುರು ಬಂದು ನಿಂತ... ಕರೆದವರಾರು?

ಆತನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸತ್ತವರೆಲ್ಲ ಒಳ್ಳೆಯವರು ಎಂಬ ವಾದ ನಾನು ಒಪ್ಪುವುದಿಲ್ಲ. ಆತ ಸಿಡುಕ, ಜಂಬದವ. ಎಲೆ ಕತ್ತರಿಸಿ, ಒರೆಸಿ, ಸುತ್ತಿಡುವುದೇ ವೇದಾಧ್ಯಯನ ಎಂಬ ಹಾಗೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ನಾನೋ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತ, ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಮಾವನ ಗಲ್ಲಾದ ಹಿಂದೆ ಸಾಲಾಗಿ ಇಟ್ಟಿದ್ದ ಪ್ರಾಣಿ.

ಅರವತ್ತರ ದಶಕದ ಕೊನೆಯ ಒಂದು ಮೇ ತಿಂಗಳು. ಮರುದಿನ ಮದುವೆ ಊಟದ ಆರ್ಡರ್. ಮಾವ ದಾದರಿಗೆ ಹೋಗಿದ್ದರು. ಸೆಕೆಗೆ ಎಲೆಯ ಅಂಚು ಮುದುಡುತ್ತಿತ್ತು. ಆತ ಗೋಣಿಗೆ ನೀರು ಚಿಮುಕಿಸುತ್ತಲೇ ಇದ್ದ. ನಾನು ಭಾಷಣ ಸುರುಮಾಡಿದೆ: ಬಿಸಿ ಏರಿದಷ್ಟೂ ಎಲೆಯ ಮೈಯಿಂದ ನೀರು ಬೇಗ ಆವಿಯಾಗುತ್ತದೆ, ತಂಪಾದಷ್ಟೂ ಉಳಿಯುತ್ತದೆ; ಆದ್ದರಿಂದ ಕಟ್ಟುಗಳನ್ನೆಲ್ಲ ಐಸ್ ಪೆಟ್ಟಿಗೆಗೆ ಹಾಕಬೇಕು.

"ಎಲೆಗೆ ಸೆಕೆ ಆಗ್ತದೆ ಅಂತ ಪುಸ್ತಕದಲ್ಲುಂಟು. ಚಳಿ ಆಗ್ತದೆ ಅಂತ ಇಲ್ವಾ ಪಂಡಿತರೇ?" ಎಂದ.

"ಚಳಿಯಾದ್ರೆ ನಿಮ್ಮ ಕಂಬಳಿ ಹೊದಿಸಿ ಅಣ್ಣ!" ಎಂದೆ.

ಅಡಿಗೆಮನೆಯೇ ನಕ್ಕಿತು. ಸಭೆ ನಕ್ಕರೆ ವಾದ ಗೆದ್ದ ಹಾಗೆ. "ಧಣಿಗಳ ಅಳಿಯ ಹೇಳಿದ ಮೇಲೆ ಮುಗೀತಲ್ಲ" ಎಂದು ಗೊಣಗುತ್ತ ಆತ ಎಲೆಗಳನ್ನು ಐಸಿನ ಮೇಲೆ ಜೋಡಿಸಿದ.

ಬೆಳಿಗ್ಗೆ ಎಲೆಯಲ್ಲಿ ನೀರೇನೋ ಇತ್ತು. ಹಸಿರು ಇರಲಿಲ್ಲ... ಸುಟ್ಟ ಹಾಗೆ ಕಪ್ಪು. ಮದುವೆಗೆ ಕಪ್ಪೆಲೆ ಹಾಕುವುದುಂಟೆ?

"ಐಸಿನ ಮೇಲೆ ಇಟ್ಟವ ಯಾರು?" ಮಾವ ಕೂಗಿದರು.

ಆತ ನನ್ನತ್ತ ತಿರುಗಿದ. "ನೀವೇ ಹೇಳಿ ಪಂಡಿತರೇ. ಚೆಂದ ಮಾತಾಡ್ತೀರಲ್ಲ."

"ಇಟ್ಟದ್ದು ಇವರೇ" ಎಂದೆ.

ಒಂದಕ್ಷರ ಸುಳ್ಳಿಲ್ಲ. ಹಿಂದಿನ ದಿನ ನಕ್ಕವರೆಲ್ಲ ಒಲೆಯತ್ತ ತಿರುಗಿದರು. ಮಧ್ಯಾಹ್ನದೊಳಗೆ ಆತ ಟ್ರಂಕು ಹೊತ್ತು ಸ್ಟೇಷನ್ನಿನತ್ತ ನಡೆದ. ನನಗೊಂದು ಬೈಗುಳವನ್ನೂ ಬಿಟ್ಟುಹೋಗಲಿಲ್ಲ. ಜಂಬ ಅಂದರೆ ಜಂಬ!

ಮೊನ್ನೆಯೇ ಹಳೆಯ ಅಡಿಗೆಯವರೊಬ್ಬರನ್ನು ವಿಚಾರಿಸಿದೆ. ಹೋದ ವರ್ಷ ಊರಿನಲ್ಲಿ ತೀರಿಕೊಂಡನಂತೆ. ಮತ್ತೆಲ್ಲೂ ಎಲೆ ಮುಟ್ಟಲಿಲ್ಲವಂತೆ... ಬೈಯಬೇಕಾದವನೇ ಇಲ್ಲ. ಉಳಿದವರು ಹಣ್ಣು ಮುದುಕರಾದ ಮಾವ ಒಬ್ಬರೇ; ಅವರೆದುರು ಕೂತು, ಅಂದು ಐಸಿನ ಮೇಲೆ ಎಲೆ ಇಡಿಸಿದವನು ನಾನು ಎಂದು ಬಾಯಿಬಿಟ್ಟೆ.

"ಈಗ ಎಂತಕ್ಕೆ ಮಾರಾಯ ಅದೆಲ್ಲ?" ಎಂದು ಅವರು ಪೇಪರಿನ ಪುಟ ಮಗುಚಿದರು.