ಜುಂಜಮ್ಮ ತುಂಬಿಸಿದ ಸೇರು

ಇಬ್ಬನಿ ಇನ್ನೂ ಆರಿಲ್ಲ. ಕೊಂಡ್ಲಹಳ್ಳಿಯ ತುಂಡು ಹೊಲದಲ್ಲಿ ಜುಂಜಮ್ಮ ಬಗ್ಗಿ ನವಣೆಯ ಬುಡಗಳನ್ನು ಒಂದೊಂದಾಗಿ ಸರಿಸಿ ನೋಡುತ್ತಿದ್ದಾರೆ. ಬುಡ ಕೆಂಪಗಿದ್ದರೆ ಗಿಡ ಉಳಿಯುತ್ತದೆ, ಹಸಿರಾಗಿದ್ದರೆ ಬೇರುಸಮೇತ ಹೊರಗೆ. ಬಿಸಿಲೇರಿದರೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲವಂತೆ. ಎಂಟು ಗಂಟೆಯೊಳಗೆ ಮುನ್ನೂರು ಗಿಡ ನೋಡಿ ಮುಗಿಸಿ, ಶೇಂಗಾ ಹೊಲಕ್ಕೆ ಕೂಲಿಗೆ ಹೋಗುತ್ತಾರೆ.

ಐವತ್ತೆಂಟರ ಈ ಹೆಂಗಸು ಮಾಡುತ್ತಿರುವುದು ತಮ್ಮದೇ ತಪ್ಪಿನ ರಿಪೇರಿ. ಐದು ವರ್ಷದ ಹಿಂದೆ ರವಿಕಿರಣ್ ಎಂಬ ಸಂಶೋಧಕರು ಊರಿಗೆ ಬಂದಿದ್ದರು. ನವಣೆಯ ಜೀನೋಮ್, ಅಂದರೆ ಅದರ ವಂಶದ ಗುಣಗಳೆಲ್ಲ ಅಡಗಿರುವ ಬರಹವನ್ನು ಪೂರ್ತಿ ಓದಲು ನಾಟಿ ಬೀಜ ಹುಡುಕುತ್ತಿದ್ದರು. ಜುಂಜಮ್ಮನ ತಾಯಿ ಯರ್ರಮ್ಮ ಕೆಂಪು ಬುಡದ ನವಣೆಯನ್ನು ಐವತ್ತು ವರ್ಷ ಬೆರಕೆಯಾಗದಂತೆ ಕಾಪಾಡಿದ್ದರು. ಕಾಪಾಡಿದವರ ಹೆಸರೂ ದಾಖಲೆಯಲ್ಲಿ ಬರುತ್ತದೆ ಎಂದಾಗ ಹಾಸಿಗೆ ಹಿಡಿದಿದ್ದ ಮುದುಕಿ ಎದ್ದು ಕೂತರಂತೆ.

ಮಡಕೆಯಲ್ಲಿ ಇದ್ದದ್ದು ಮುಕ್ಕಾಲು ಸೇರು. ಇಲ್ಲಿ ಬೀಜ ಕೊಟ್ಟರೆ ಸೇರು ತುಂಬಿರಬೇಕು, ಕಡಿಮೆ ಕೊಡುವುದು ಮನೆತನಕ್ಕೆ ನಾಚಿಕೆ. ಜುಂಜಮ್ಮ ಪಕ್ಕದ ಮನೆಯಿಂದ ಎರಡು ಬೊಗಸೆ ನವಣೆ ತಂದು ಸೇರು ತುಂಬಿಸಿ ಕಳಿಸಿದರು. “ಮನೆಗೆ ಬಂದೋರ್ಗೆ ಕಮ್ಮಿ ಹೆಂಗ್ ಕೊಡ್ಲಿ ಸಾರ್? ಕಣ್ಣಿಗೆ ಎರಡೂ ಒಂದೇ ಇದ್ವು” ಎನ್ನುತ್ತಾರೆ.

ಯಂತ್ರದ ಕಣ್ಣಿಗೆ ಒಂದೇ ಆಗಿರಲಿಲ್ಲ. ಎರಡು ತಳಿ ಬೆರೆತಿವೆ ಎಂದು ಆ ಮಾದರಿಯನ್ನು ಕೈಬಿಟ್ಟರು. ಒಂದೇ ತೆನೆಯ ಹಿಡಿ ಕಾಳು ಸಾಕೆಂದು ಹೇಳದೆ ಹೋದೆನಲ್ಲ ಎಂದು ರವಿಕಿರಣ್ ಇವತ್ತಿಗೂ ಪೇಚಾಡುತ್ತಾರೆ. ಮಿಕ್ಕ ಬೀಜವನ್ನು ಅವರೇ ವಾಪಸ್ ತಂದುಕೊಟ್ಟರು. ಮನೆಯಲ್ಲಿ ಉಳಿದ ಕೆಂಪು ಬುಡದ ಬೀಜ ಅಷ್ಟೇ, ಅದೂ ಬೆರಕೆ.

ಆ ವಾರವೇ ಯರ್ರಮ್ಮ ತೀರಿಕೊಂಡರು. “ನನ್ನ ಹೆಸ್ರು ಬಂತೇನೆ ಅಂತ ಕೇಳ್ತು ಅವ್ವ. ಬಂತು ಕಣವ್ವ ಅಂದ್ಬಿಟ್ಟೆ.” ಇಷ್ಟು ಹೇಳಿ ಜುಂಜಮ್ಮ ಇನ್ನೊಂದು ಗಿಡದ ಕಡೆ ಹೋಗುತ್ತಾರೆ.

ವಾಪಸ್ ಬಂದ ಬೀಜದ ನಾಲ್ಕನೇ ಬಿತ್ತನೆ ಇದು. ಮೊದಲ ವರ್ಷ ನಾಲ್ಕರಲ್ಲಿ ಒಂದು ಗಿಡ ಕಿತ್ತಿದ್ದರು. ಈ ಸಲ ಇದುವರೆಗೆ ಕಿತ್ತದ್ದು ನಾಲ್ಕೇ. ಆದರೆ ಜೀನೋಮ್ ಓದುವ ಯೋಜನೆಯೇ ಹೋದ ವರ್ಷ ಮುಗಿದಿದೆ, ಮತ್ತೆ ಶುರುವಾಗುವ ಸೂಚನೆ ಇಲ್ಲ. ಅದು ಜುಂಜಮ್ಮನಿಗೂ ಗೊತ್ತು.

ಹಾಗಿದ್ದರೆ ಇಷ್ಟೆಲ್ಲ ಯಾಕೆ ಎಂದು ಕೇಳಿದೆ, ಕೇಳಬಾರದಿತ್ತೇನೋ. ಅವರು ಸೊಂಟ ನೇರ ಮಾಡಿಕೊಂಡು ನಿಂತರು.

“ಯಾವತ್ತಾದ್ರೂ ಯಾರಾದ್ರೂ ಬಂದೇ ಬರ್ತಾರೆ ಸಾರ್. ಆಗ ಒಂದೇ ತೆನೆ ಕೊಡ್ತೀನಿ. ಯರ್ರಮ್ಮನ ಮಗ್ಳು ಜಿಪುಣಿ ಅಂದ್ಕೊಂಡ್ರೆ ಅಂದ್ಕೊಳ್ಲಿ.”