ಘಾಟಿ ಲಾರಿಗೆ ಒಲೆ ಹೂಡಿದ ಮೂರು ದಿನ

ಮೈಸೂರಿನಿಂದ ವಿರಾಜಪೇಟೆಗೆ ಹೊರಟ ಬೆಳಗಿನ ಬಸ್ಸಿನಲ್ಲಿ ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಸಿಕ್ಕಿತು. ಹೆಂಗಸರಿಗೆ ಈಗ ಹಾಗೆಯೇ. ತಕರಾರು ಬಂದದ್ದು ತೊಡೆಯ ಮೇಲಿದ್ದ ಚೀಲದಿಂದ. ಅದರ ಬಾಯಿಂದ ರಬ್ಬರ್ ಕೊಳವೆಗಳು ಇಣುಕುತ್ತಿದ್ದವು.

"ಒಳಗೆ ಏನಮ್ಮ ಅದು?" ಎಂದರು ಕಂಡಕ್ಟರ್.

"ಒಲೆ ಸಾರ್. ಲಾರಿಗೆ ಹಾಕೋದು."

"ಲಾರಿ ಅಡುಗೆ ಮಾಡುತ್ತಾ?"

"ಅಡುಗೆಗಲ್ಲ, ಚಳಿಯಲ್ಲಿ ಇಂಜಿನ್ ಕಾಯಿಸೋಕೆ."

ಪಕ್ಕದಲ್ಲಿದ್ದ ಗೋಣಿಕೊಪ್ಪದ ಅಜ್ಜ ಇಡೀ ಬಸ್ಸಿಗೆ ಕೇಳುವಂತೆ, "ಕೊಡಗಿನ ಚಳೀಲಿ ನಾವೇ ಒಂದು ಕಂಬಳೀಲಿ ಕಾಲ ಹಾಕ್ತೇವೆ. ಲಾರಿಗೆ ಒಲೆ ಬೇಕಂತೆ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಳ್ಳಾರಿಯ ಬಿಸಿಲಲ್ಲಿ ಹುಟ್ಟಿ, ಹಿಮದ ನಾಡಿಗೆ ಹೋಗುವ ಲಾರಿಗಳಿಗೆ ಹೀಟರ್ ಕೂರಿಸುವ ಕೆಲಸ ಹಿಡಿದವಳು ನಾನು. ನಗುವವರನ್ನು ನೋಡಿ ಅಭ್ಯಾಸವಾಗಿದೆ.

ಹುಣಸೂರು ದಾಟುವಷ್ಟರಲ್ಲಿ ಅಜ್ಜನಿಗೆ ವಿಷಯವೆಲ್ಲ ವಿವರಿಸಿದ್ದೆ. ಹೀಟರ್ ಒಂದು ಟಿಫನ್ ಕ್ಯಾರಿಯರ್‌ನಷ್ಟು ದೊಡ್ಡದು. ಟ್ಯಾಂಕಿನ ಡೀಸೆಲ್ಲನ್ನೇ ತೊಟ್ಟು ತೊಟ್ಟಾಗಿ ಎಳೆದುಕೊಂಡು ಉರಿಸಿ, ಇಂಜಿನ್ನಿನ ಸುತ್ತ ಓಡಾಡುವ ನೀರನ್ನು ಕಾಯಿಸುತ್ತದೆ. ಅರ್ಧ ಗಂಟೆ ಕಾಯಿಸಿದರೆ ಎಂಥ ಚಳಿಯಲ್ಲೂ ಕೀಲಿ ತಿರುಗಿಸಿದ ಕೂಡಲೇ ಲಾರಿ ಏಳುತ್ತದೆ. ಅಜ್ಜ ಎಲ್ಲ ಕೇಳಿ, ಗೋಣಿಕೊಪ್ಪದಲ್ಲಿ ಇಳಿಯುವಾಗ ಚೀಲದಿಂದ ಎರಡು ಕಿತ್ತಳೆ ತೆಗೆದು ನನ್ನ ಕೈಗಿಟ್ಟು ಹೋದರು. ಹುಳಿಯಿದ್ದವು, ಆದರೂ ಎರಡನ್ನೂ ತಿಂದೆ.

ವಿರಾಜಪೇಟೆ ಬಸ್ ನಿಲ್ದಾಣಕ್ಕೆ ಪೂವಯ್ಯ ಬಂದಿದ್ದರು. ಲಾರಿ ಅವರದು, ಓಡಿಸುವವರೂ ಅವರೇ. ನಲವತ್ತರ ಆಸುಪಾಸಿನ ಮನುಷ್ಯ, ಮಾತಿಗೆ ಮೊದಲು ನಗು. ಚೀಲ ಇಸಿದುಕೊಳ್ಳಲು ಎಡಗೈ ಚಾಚಿದಾಗ ಕಂಡಿತು: ಮಣಿಕಟ್ಟಿನಿಂದ ಬೆರಳಿನವರೆಗೆ ಚರ್ಮ ಸುಟ್ಟು, ಮುದುಡಿ, ನುಣ್ಣಗಾಗಿತ್ತು.

ವಿರಾಜಪೇಟೆಯ ಒಬ್ಬ ವ್ಯಾಪಾರಿಯ ಕರಿಮೆಣಸು, ಏಲಕ್ಕಿ ಹೇರಿಕೊಂಡು ಕಾಶ್ಮೀರಕ್ಕೆ ಹೋಗುವುದು ಪೂವಯ್ಯನ ಕೆಲಸ. ಹೋದ ಚಳಿಗಾಲದಲ್ಲಿ ಅಲ್ಲಿನ ಘಟ್ಟದ ಬುಡದಲ್ಲಿ ಲಾರಿ ಏಳಲೇ ಇಲ್ಲವಂತೆ. ಉಳಿದ ಡ್ರೈವರುಗಳು ಮಾಡುವ ಹಾಗೆ ಇವರೂ ತಗಡಿನಲ್ಲಿ ಬೆಂಕಿ ಹಾಕಿ ಇಂಜಿನ್ನಿನ ಕೆಳಗೆ ತಳ್ಳಿದರು. ಸೋರಿದ ಎಣ್ಣೆಗೆ ಬೆಂಕಿ ಹತ್ತಿತು. ಲಾರಿ ಉಳಿಯಿತು, ಕೈ ಸುಟ್ಟಿತು.

"ಅವ್ವ ಒಂದೇ ಮಾತು ಹೇಳಿದ್ದಾಳೆ ಮೇಡಂ. ಬೆಂಕಿ ಹಾಕ್ದೆ ಲಾರಿ ಏಳೋದನ್ನ ಕಣ್ಣಾರೆ ನೋಡ್ಬೇಕು, ಇಲ್ಲದಿದ್ರೆ ಉತ್ತರದ ಕಡೆ ಹೋಗೋ ಹಾಗಿಲ್ಲ ಅಂತ. ನಾಡಿದ್ದು ಬೆಳಿಗ್ಗೆ ಲೋಡ್ ಎತ್ಬೇಕು. ನಾನು ಹೋಗದಿದ್ರೆ ಸಾಹುಕಾರ್ರು ಬೇರೆ ಲಾರಿ ನೋಡ್ತಾರೆ. ಒಂದ್ಸಲ ಕೈ ಬಿಟ್ರೆ ಆ ದಾರಿ ನಂಗೆ ಮತ್ತೆ ಸಿಗಲ್ಲ."

ಮನೆ ಪೆರುಂಬಾಡಿಯ ಹತ್ತಿರ, ಮಾಕುಟ್ಟದ ರಸ್ತೆಗೆ ತಾಗಿಕೊಂಡು. ಅವರ ತಾಯಿ ಸೀತವ್ವ ಕರಿಕೆಯಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವರು, ಅರೆಭಾಷೆಯ ಮನೆಯವರು. ಹೀಟರನ್ನು ಜಗಲಿಯ ಮೇಲಿಟ್ಟಾಗ ಅವರು ಹಾವು ಕಂಡವರಂತೆ ನಿಂತರು.

"ಅದರ್ಲಿ ಎಂತ ಉಟ್ಟು ಮಗ?" ಎಂದರು ಪೂವಯ್ಯನಿಗೆ. ಉಟ್ಟು ಅಂದರೆ ಅವರ ಭಾಷೆಯಲ್ಲಿ ಇದೆ ಎಂದು.

"ಸಣ್ಣ ಬೆಂಕಿ ಅವ್ವ, ಡಬ್ಬಿ ಒಳಗೆ."

"ಬೆಂಕಿ ಬೇಡ ಅಂದ್ರೆ ಬೆಂಕಿಯನ್ನೇ ತಂದ್ರಾ?" ಎಂದು ಈಗ ನನ್ನ ಕಡೆ ತಿರುಗಿ ಕೇಳಿದರು. ಹಾಲು ಕುಡಿದು ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅವರದು ತಪ್ಪಲ್ಲ. ನಾನು ವಾದಕ್ಕೆ ಹೋಗಲಿಲ್ಲ. ಬೆಲ್ಲದ ಕಾಫಿ ಕೊಟ್ಟರು, ಕುಡಿದೆ. ನಮ್ಮೂರಲ್ಲೂ ತಾಯಿಗೆ ಅವ್ವ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆದೆ. ಮುಖ ಸ್ವಲ್ಪ ಸಡಿಲವಾಯಿತು.

ಆ ದಿನವಿಡೀ ಪೇಟೆಯ ಗ್ಯಾರೇಜಿನಲ್ಲಿ ಕೆಲಸ. ಗ್ಯಾರೇಜು ಅಶ್ರಫ್ ಅವರದು. ಕಣ್ಣೂರಿನ ಕಡೆಯಿಂದ ಬಂದು ನೆಲೆಸಿದವರು. ಊರಿಗೆಲ್ಲ ಅಶ್ರಫಿಕ್ಕ, ಅಂದರೆ ಅಶ್ರಫಣ್ಣ. ಮೊದಲು ಅವರು ರೇಡಿಯೇಟರ್ ಬಿಚ್ಚಿದರು. ಒಳಗಿದ್ದದ್ದು ಅಪ್ಪಟ ತೋಡಿನ ನೀರು, ಹಳ್ಳದ್ದು. "ಕಾಶ್ಮೀರದಲ್ಲಿ ಇದು ಮಂಜುಗಡ್ಡೆಯಾಗಿ ಇಂಜಿನ್ ಬ್ಲಾಕ್ ಒಡೆಯುತ್ತೆ," ಎಂದೆ. "ಅಲ್ಲಿಗೆ ಹೋಗುವಾಗ ಬಣ್ಣದ ನೀರು ಹಾಕ್ತೇವೆ, ಬಂದ ಮೇಲೆ ತೋಡಿನ ನೀರೇ," ಎಂದರು ಪೂವಯ್ಯ, ಮದುವೆಗೊಂದು ಶರ್ಟು, ಮನೆಗೊಂದು ಶರ್ಟು ಎನ್ನುವ ಹಾಗೆ. ತೋಡಿನ ನೀರು ಚೆಲ್ಲಿ, ಹೆಪ್ಪುಗಟ್ಟದ ಆ ಬಣ್ಣದ ನೀರು, ಅಂದರೆ ಕೂಲಂಟ್, ತುಂಬಿಸಿದೆವು.

ಹೀಟರನ್ನು ನೀರಿನ ಮಟ್ಟಕ್ಕಿಂತ ಕೆಳಗೆ, ಚಾಸಿಯ ಪಕ್ಕದಲ್ಲಿ ಬಿಗಿದೆ. ಡೀಸೆಲ್ ಎಳೆಯುವ ಪುಟ್ಟ ಪಂಪನ್ನು ಓರೆಯಾಗಿ ಕೂರಿಸಿದೆ, ಗಾಳಿಗುಳ್ಳೆ ನಿಲ್ಲಬಾರದಲ್ಲ. ಹೊಗೆಯ ಕೊಳವೆಯನ್ನು ಎಣ್ಣೆ, ವೈರು ಎಲ್ಲದರಿಂದ ದೂರಕ್ಕೆ ಒಯ್ದು ಕೆಳಮುಖ ಮಾಡಿದೆ. ಅಶ್ರಫಿಕ್ಕ ಕೇಳುವ ಮೊದಲೇ ಸ್ಪ್ಯಾನರ್ ಕೊಡುತ್ತಿದ್ದರು. ಹೆಂಗಸು ಲಾರಿಯಡಿ ಮಲಗಿದ್ದಾಳೆಂದು ನೋಡಲು ನಿಂತವರನ್ನು, "ಸಿನಿಮಾ ಅಲ್ಲ, ಹೋಗಿ ಮಾರಾಯ್ರೆ," ಎಂದು ಓಡಿಸಿದರು. ಅದಕ್ಕೇ ಅವರ ಮೇಲೆ ನನಗೆ ಅಭಿಮಾನ ಹುಟ್ಟಿತು. ಸಂಜೆ ಲಾರಿಯನ್ನು ಮನೆಗೆ ತಂದು ನಿಲ್ಲಿಸಿದೆವು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಮಂಜು ಕವಿದಿತ್ತು. ಅವ್ವ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತರು. ನಾನು ಸ್ವಿಚ್ ಒತ್ತಿದೆ. ಪಂಪು ಟಿಕ್ ಟಿಕ್ ಎಂದಿತು, ಸ್ವಲ್ಪ ಬಿಳಿ ಹೊಗೆ ಬಂತು, ಆಮೇಲೆ ಉರಿ ಹತ್ತಿ ಸದ್ದು ಒಂದೇ ಸಮನಾಯಿತು. ಪೂವಯ್ಯ ಹೆಬ್ಬೆರಳು ಎತ್ತಿ ತೋರಿಸಿದರು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು, ಇಂಜಿನ್ ಮುಟ್ಟಿದರೆ ಉಗುರು ಬೆಚ್ಚಗೂ ಇಲ್ಲ. ಒಂದು ಗಂಟೆಯ ಹೊತ್ತಿಗೆ ಬ್ಯಾಟರಿ ಇಳಿದು ಹೀಟರ್ ತಾನಾಗಿ ನಿಂತಿತು. ಕೀಲಿ ತಿರುಗಿಸಿದರೆ ಇಂಜಿನ್ ಒಮ್ಮೆ ನರಳಿ ಸುಮ್ಮನಾಯಿತು. ಹೀಟರ್ ಹಾಕದಿದ್ದರೆ ಆ ಚಳಿಗೆ ಸಲೀಸಾಗಿ ಏಳುತ್ತಿದ್ದ ಲಾರಿಯನ್ನು ನಾನು ಬಂದು ಮಲಗಿಸಿದ್ದೆ.

ಅವ್ವ ಎದ್ದು ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ತಿಂಡಿಗೆ ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ. ಬಡಿಸುವಾಗ ಅವ್ವ ಮಗನ ಬಲಗಡೆಯೇ ನಿಂತಿದ್ದರು. ಎಡಗೈ ಮೇಜಿನ ಮೇಲೆ ಬಂದರೆ ಮುಖ ತಿರುಗಿಸುತ್ತಿದ್ದರು. ಪೂವಯ್ಯನಿಗೂ ಅದು ಗೊತ್ತಿತ್ತು; ಕೈಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡರು.

ಅಶ್ರಫಿಕ್ಕ ಬೇರೆ ಬ್ಯಾಟರಿ ಹಿಡಿದುಕೊಂಡು ಬಂದರು. ಇಬ್ಬರೂ ಸೇರಿ ಕೊಳವೆಗಳ ಗಾಳಿ ಮತ್ತೆ ಬಿಟ್ಟೆವು, ಫ್ಯೂಸು, ವೈರು, ಡೀಸೆಲ್ ಪಂಪು ಎಲ್ಲ ನೋಡಿದೆವು. ಎಲ್ಲವೂ ಸರಿ. ಹೀಟರಿನಿಂದ ಹೊರಡುವ ಕೊಳವೆ ಕೈ ಇಡಲಾಗದಷ್ಟು ಬಿಸಿ, ಇಂಜಿನ್ ಮಾತ್ರ ತಣ್ಣಗೆ. ಹೀಟರೇ ಕಳಪೆ ಎನ್ನಲು ಬಾಯಿವರೆಗೆ ಬಂದಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಗಾದೆ ನೆನಪಾಗಿ ಸುಮ್ಮನಾದೆ.

"ಅಶ್ರಫಿಕ್ಕನ ಬ್ಯಾಟರಿ ತಾಗಿಸಿ ಲಾರಿ ಎಬ್ಬಿಸಿ, ಮಾಕುಟ್ಟಕ್ಕೆ ಒಂದು ಸುತ್ತು ಹೋಗಿ ಬರೋಣ ಮೇಡಂ, ನಮ್ಮ ಬ್ಯಾಟರಿ ಚಾರ್ಜೂ ಆಗುತ್ತೆ, ನಿಮಗೆ ಮನಸ್ಸೂ ಹಗುರಾಗುತ್ತೆ," ಎಂದರು ಪೂವಯ್ಯ. ಕೆಡಿಸಿದವಳ ಮನಸ್ಸು ಹಗುರ ಮಾಡಲು ಹೊರಟಿದ್ದರು ಆ ಮನುಷ್ಯ; ನಾನು ಹತ್ತಿ ಕೂತೆ.

ಪೆರುಂಬಾಡಿಯಿಂದ ಮಾಕುಟ್ಟದವರೆಗೂ ಇಳಿಜಾರು, ಎರಡೂ ಕಡೆ ಕಾಡು. ಬಿಸಿಲು ಮರಗಳ ನೆತ್ತಿಯಲ್ಲೇ ಉಳಿದು ರಸ್ತೆ ಒದ್ದೆಯಾಗಿತ್ತು. ಕೇರಳದಿಂದ ಬರುವ ಬಸ್ಸುಗಳಿಗೆ ದಾರಿ ಬಿಡುತ್ತ ನಿಧಾನ ಇಳಿದೆವು. ಚೆಕ್‌ಪೋಸ್ಟಿನ ಈಚೆ ಒಂದು ಗೂಡಂಗಡಿಯಲ್ಲಿ ಕಟ್ಟಂಚಾಯ, ಪಳಂಪೊರಿ. ಅಂದರೆ ಹಾಲಿಲ್ಲದ ಚಹಾ, ಬಾಳೆಹಣ್ಣಿನ ಬೋಂಡ. ಬಿಸಿಬಿಸಿ ತಿಂದು ಲಾರಿ ತಿರುಗಿಸಿದೆವು.

ಹತ್ತುವಾಗ ನನ್ನ ಕಣ್ಣು ಡ್ಯಾಶ್‌ಬೋರ್ಡಿನ ಮೇಲಿತ್ತು. ತಿರುವಿನ ಮೇಲೆ ತಿರುವು, ಎರಡನೇ ಗೇರು, ಇಂಜಿನ್ ಏದುಸಿರು ಬಿಡುತ್ತಿತ್ತು. ಆದರೆ ಬಿಸಿ ತೋರಿಸುವ ಮುಳ್ಳು ಕಾಲು ಭಾಗ ದಾಟಲಿಲ್ಲ.

"ಈ ಮುಳ್ಳು ಕೆಟ್ಟಿದೆಯಾ?"

"ಎಂತ ಕೆಡೋದು? ಘಾಟಿ ಲಾರಿ ಅಲ್ವಾ ಮೇಡಂ, ಬಿಸಿಯೇ ಆಗಲ್ಲ," ಎಂದರು ಹೆಮ್ಮೆಯಿಂದ. "ವಾಲ್ವ್ ತೆಗೆಸಿದ್ದೇನೆ. ಇಲ್ಲಿ ಹೊಸ ಲಾರಿ ತಂದ್ರೆ ಮೊದಲು ಪೂಜೆ, ಆಮೇಲೆ ವಾಲ್ವ್ ತೆಗೆಯೋದು."

ನಾನು ನಡುರಸ್ತೆಯಲ್ಲೇ, "ನಿಲ್ಲಿಸಿ!" ಎಂದು ಕೂಗಿದೆ.

ಥರ್ಮೋಸ್ಟಾಟ್ ವಾಲ್ವ್ ಎನ್ನುವುದು ಇಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು. ಇಂಜಿನ್ ಕಾಯುವವರೆಗೆ ಮುಚ್ಚಿರುತ್ತದೆ, ಕಾದ ಮೇಲೆ ತೆರೆದು ನೀರನ್ನು ತಣಿಯಲು ಬಿಡುತ್ತದೆ. ಘಟ್ಟ ಹತ್ತುವಾಗ ಇಂಜಿನ್ ಕುದಿಯಬಾರದೆಂದು ಇಲ್ಲಿಯವರು ಆ ಬಾಗಿಲನ್ನೇ ಕಿತ್ತಿಟ್ಟಿದ್ದರು. ನನ್ನ ಹೀಟರ್ ಕಾಯಿಸಿದ ಬಿಸಿಯೆಲ್ಲ ರೇಡಿಯೇಟರಿಗೆ ಹೋಗಿ ಮಂಜಿಗೆ ಸೇರುತ್ತಿತ್ತು. ಬಾಗಿಲಿಲ್ಲದ ಬಚ್ಚಲಲ್ಲಿ ನೀರು ಕಾಯಿಸಿಟ್ಟ ಹಾಗೆ. ಮೈಸೂರಿನಲ್ಲಿ ಕೂತು ಎಷ್ಟು ಯೋಚಿಸಿದ್ದರೂ ಇದು ನನಗೆ ಹೊಳೆಯುತ್ತಿರಲಿಲ್ಲ.

ಲಾರಿ ಸೀದಾ ಗ್ಯಾರೇಜಿಗೆ. ವಿಷಯ ಕೇಳಿ ಅಶ್ರಫಿಕ್ಕ ಹಣೆ ಚಚ್ಚಿಕೊಂಡರು. "ನಾನೇ ತೆಗೆದದ್ದು ಪಡಚ್ಚೋನೆ, ದೇವರೇ! ಎಲ್ಲ ಲಾರಿಯದ್ದೂ ತೆಗೆದು ತೆಗೆದು, ಅದು ಇರಬೇಕು ಅನ್ನೋದೇ ಮರೆತು ಹೋಗಿದೆ." ಬೆಂಚಿನ ಕೆಳಗಿನಿಂದ ಬಿಸ್ಕತ್ತಿನ ಡಬ್ಬಿ ಎಳೆದರು. ತುಂಬ ವಾಲ್ವುಗಳು; ಆ ಘಾಟಿಯಲ್ಲಿ ಓಡುವ ಲಾರಿಗಳ ಬಾಗಿಲೆಲ್ಲ ಅಲ್ಲಿ ರಾಶಿ ಬಿದ್ದಿದ್ದವು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಿದ್ದೆವು. ಅಳತೆಗೆ ಕೂರುವ ಮೂರನ್ನು ಆರಿಸಿಕೊಂಡೆ. ಆದರೆ ವರ್ಷಗಟ್ಟಲೆ ಡಬ್ಬಿಯಲ್ಲಿದ್ದವು ಕೆಲಸ ಮಾಡುತ್ತವೋ ಇಲ್ಲವೋ, ಬಿಸಿನೀರಿಗೆ ಹಾಕಿಯೇ ನೋಡಬೇಕು.

ಹಾಗಾಗಿ ಆ ಪರೀಕ್ಷೆ ನಡೆದದ್ದು ಅವ್ವನ ಅಡುಗೆಮನೆಯಲ್ಲಿ. ಹಳೆಯ ಪಾತ್ರೆಯೊಂದನ್ನು ಅವರೇ ಒಲೆಯ ಮೇಲಿಟ್ಟು, ಎಣ್ಣೆ ತೊಳೆದ ವಾಲ್ವುಗಳನ್ನು ದಾರದಲ್ಲಿ ಇಳಿಬಿಟ್ಟರು. ನೀರಲ್ಲಿ ಸಣ್ಣ ಗುಳ್ಳೆ ಎದ್ದವು. ಒಂದು ವಾಲ್ವ್ ತಣ್ಣೀರಿನಲ್ಲೇ ಬಾಯಿ ತೆರೆದುಕೊಂಡಿತ್ತು. ಇನ್ನೊಂದು ನೀರು ಕುದಿದರೂ ಹಲ್ಲು ಕಚ್ಚಿಕೊಂಡಿತ್ತು. ಮೂರನೆಯದು ಕುದಿ ಬರುವ ಮೊದಲು ಮೆಲ್ಲಗೆ ತೆರೆಯಿತು. ಎತ್ತಿ ಹಿಡಿದರೆ ಮೆಲ್ಲಗೆ ಮುಚ್ಚಿತು. ಅವ್ವನಿಗೆ ನಂಬಿಕೆಯಾಗದೆ ಮತ್ತೆ ಮತ್ತೆ ಮುಳುಗಿಸಿ ಎತ್ತಿದರು.

"ಇದು ಬೆಂಕಿ ಹೇಳಿದ ಹಾಗೆ ಕೇಳ್ತದೆ ಅನ್ನಿ," ಎಂದರು.

"ಬೆಂಕೀನೇ ಇದು ಹೇಳಿದ ಹಾಗೆ ಕೇಳುತ್ತೆ ಅವ್ವ," ಎಂದೆ. ಅವತ್ತು ಮೊದಲ ಸಲ ಅವರು ನಕ್ಕರು. ಆ ಮೂರನೆಯ ವಾಲ್ವನ್ನು ಸಂಜೆಯೇ ಲಾರಿಗೆ ಕೂರಿಸಿದೆವು. ರಾತ್ರಿಗೆ ಅವ್ವ ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ ಮಾಡಿ, ನಾನು ಸಾಕು ಎಂದಂತೆಲ್ಲ ಬಡಿಸಿದರು.

ಹೊರಡುವ ದಿನದ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಚಳಿ ಹೆಚ್ಚು. ಅಶ್ರಫಿಕ್ಕ ನಮಾಜು ಮುಗಿಸಿ ಪೇಟೆಯಿಂದ ಬಂದುಬಿಟ್ಟಿದ್ದರು. ನಾನು ಸ್ವಿಚ್ ಒತ್ತಿ ದೂರ ನಿಂತೆ. ಅರ್ಧ ಗಂಟೆ ತುಂಬುವ ಮೊದಲೇ ಹೀಟರ್ ತನ್ನ ಕೆಲಸ ಮುಗಿಸಿ ಸದ್ದು ತಗ್ಗಿಸಿತು. ಪೂವಯ್ಯ ಕೀಲಿ ತಿರುಗಿಸಿದರು. ಒಂದೇ ತಿರುವಿಗೆ ಇಂಜಿನ್ ಎದ್ದಿತು. ಅಶ್ರಫಿಕ್ಕ ನನ್ನ ಬೆನ್ನಿಗೆ ಗುದ್ದಲು ಬಂದು, ಹೆಂಗಸೆಂದು ನೆನಪಾಗಿ ಲಾರಿಯ ಬೆನ್ನಿಗೆ ಗುದ್ದಿದರು.

"ಆರಿಸು," ಎಂದರು ಅವ್ವ. ಪೂವಯ್ಯ ಇಂಜಿನ್ ಆರಿಸಿ ಇಳಿದರು. ಅವ್ವ ಶಾಲಿನಿಂದ ಕೈ ಹೊರತೆಗೆದು ಇಂಜಿನ್ನಿನ ಮೇಲಿಟ್ಟು ತುಂಬ ಹೊತ್ತು ನಿಂತರು. ಆಮೇಲೆ ಮಗನ ಎಡಗೈ ಹಿಡಿದು ಎಳೆದು, ತಮ್ಮ ಕೈಯ ಪಕ್ಕದಲ್ಲಿ ಇಟ್ಟರು.

"ಬೆಚ್ಚಗೆ ಉಟ್ಟು ಮಗ. ಸುಡೋದಿಲ್ಲೆ. ಹೋಗಿ ಬಾ."

ಪೇಟೆಯಲ್ಲಿ ಮೆಣಸಿನ ಮೂಟೆ ಹೇರಿಕೊಂಡು ಹೊರಟೆವು. ಮೈಸೂರಿನವರೆಗೆ ನನ್ನನ್ನೂ ಕೂರಿಸಿಕೊಂಡಿದ್ದರು. ಮಡಿಲಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಬಿಸಿ ಇನ್ನೂ ಇತ್ತು. ಕೆಲಸಕ್ಕೆಂದು ಹೋದವಳಿಗೆ, ಅದೂ ಒಂದು ದಿನ ಹಾಳುಮಾಡಿದವಳಿಗೆ, ಆ ಮನೆ ಕೊಟ್ಟದ್ದು ಹೆಚ್ಚಾಯಿತು ಎಂದು ಇವತ್ತಿಗೂ ಅನ್ನಿಸುತ್ತದೆ. ಆ ಋಣ ನನ್ನ ಮೇಲೆ ಇರಲಿ.

ಗೋಣಿಕೊಪ್ಪ ದಾಟಿದರೂ ಪೂವಯ್ಯ ಮಾತಾಡಲಿಲ್ಲ. ಎಂದೂ ಸುಮ್ಮನಿರದ ಮನುಷ್ಯ. ತಿತಿಮತಿಯ ಕಾಡು ಶುರುವಾದಾಗ ನಾನೇ, "ಯಾಕೆ ಪೂವಯ್ಯ, ಹೀಟರ್ ಬಗ್ಗೆ ಇನ್ನೂ ಅನುಮಾನವಾ?" ಎಂದೆ.

ಇಲ್ಲವೆಂದು ತಲೆಯಾಡಿಸಿದರು. ಸ್ಟೀರಿಂಗ್ ಮೇಲಿದ್ದ ಎಡಗೈಯನ್ನು ತಿರುಗಿಸಿ ನೋಡಿಕೊಂಡರು.

"ಸುಟ್ಟ ಮೇಲೆ ಅವ್ವ ಈ ಕೈ ಮುಟ್ಟಿದ್ದು ಇವತ್ತೇ ಮೇಡಂ," ಎಂದರು.